ಬಿದ್ರೆ ಯಾರು ಬರ್ತಾರೆ?

ಪ್ರೀತಿಯ ಸುಧಾ,

ಊರಿನ ಸುದ್ದಿಯೆಲ್ಲ ನಿಮ್ಮಮ್ಮ ಫೋನಲ್ಲಿ ಹೇಳಿರುತ್ತಾಳೆ, ಬಿಡು. ನೀನು ಮೊಬೈಲಲ್ಲಿ ತೋರಿಸಿದ ಶಕ್ತಿಮಾನ್ ನೋಡಿ ನಿನ್ನ ಮಗ ಪುಟ್ಟ, ಕೈ ಮೇಲೆತ್ತಿ ಗಿರಗಿರ ತಿರುಗಿ ಸೋಫಾದಿಂದ ಹಾರಿದ ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಬೇರೇನೂ ತಲೆಗೆ ಹೋಗಲಿಲ್ಲ. ನಾಲ್ಕನೇ ಮಹಡಿ ಬೇರೆ.

ನಿನ್ನ ಕಾಲದಲ್ಲಿ ನನಗೂ ಇದೇ ಭಯ. 1997ರಲ್ಲಿ ದೂರದರ್ಶನದಲ್ಲಿ, ಹಾರಿ ಬಂದು ಜನರನ್ನು ಕಾಪಾಡುವ ಆ ಶಕ್ತಿಮಾನ್ ಧಾರಾವಾಹಿ ಶುರುವಾಯಿತು. ಬೀದಿಯ ಮಕ್ಕಳೆಲ್ಲ ನಮ್ಮ ಹಜಾರದಲ್ಲೇ. ಹಿಂದಿ ಬರದಿದ್ದರೂ ಅದರ ಖಳನಾಯಕ ಕಿಲ್ವಿಷ್ ಬಂದರೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂರುತ್ತಿದ್ದಿರಿ. ಭಾನುವಾರ ಮಧ್ಯಾಹ್ನ ನನಗೆ ಒಲೆ ಬಿಟ್ಟು ಬರಲು ಎಲ್ಲಿ ಆಗುತ್ತಿತ್ತು? ಸದ್ದು ಮಾತ್ರ ಕೇಳುತ್ತಿತ್ತು. ನಿಮ್ಮ ಜೊತೆ ಒಂದು ದಿನವಾದರೂ ಕೂತಿದ್ದರೆ ಅಂತ ಈಗ ಅನ್ನಿಸುತ್ತೆ.

ಆಮೇಲೆ ಪೇಪರಿನಲ್ಲಿ ಬರತೊಡಗಿತು. ಶಕ್ತಿಮಾನ್ ಬಂದು ಕಾಪಾಡುತ್ತಾನೆ ಅಂತ ಮಕ್ಕಳು ಬೆಂಕಿ ಹಚ್ಚಿಕೊಂಡರಂತೆ, ಮಹಡಿಯಿಂದ ಹಾರಿದರಂತೆ. ಅದೆಲ್ಲ ಎಷ್ಟು ನಿಜ ಅಂತ ಜಗಳವೂ ನಡೆಯಿತು. ಕೊನೆಗೆ ಶಕ್ತಿಮಾನ್ ಪಾತ್ರ ಮಾಡಿದ ಮುಕೇಶ್ ಖನ್ನಾ ಅವರೇ ಟಿವಿಯಲ್ಲಿ ಬಂದು, ಹೀಗೆ ಮಾಡಬೇಡಿ ಅಂತ ಮಕ್ಕಳಿಗೆ ಹೇಳಬೇಕಾಯಿತು. ನಮ್ಮ ಹಿತ್ತಲ ಬಾವಿಯ ಕಟ್ಟೆ ಎಷ್ಟು ತಗ್ಗು, ನಿನಗೆ ಗೊತ್ತಲ್ಲ. ಪಾತ್ರೆ ತೊಳೆಯುವಾಗಲೂ ನನ್ನ ಕಣ್ಣು ಅಲ್ಲೇ.

ಆ ಸುದ್ದಿಗಳಲ್ಲಿ ಒಂದು ವಿಷಯ ನನ್ನ ತಲೆಯಿಂದ ಹೋಗಿಲ್ಲ. ಆ ಮಕ್ಕಳು ತಮಗೆ ಹಾರಲು ಬರುತ್ತೆ ಅಂದುಕೊಂಡಿರಲಿಲ್ಲ. ಹಿಡಿಯೋಕೆ ಒಬ್ಬ ಬರ್ತಾನೆ ಅಂದುಕೊಂಡಿದ್ದರು. ಅದಕ್ಕೇ ಪುಟ್ಟನನ್ನು ‘ನೀನು ಹಾರ್ತೀಯಾ?’ ಅಂತ ಕೇಳಬೇಡ. ‘ಬಿದ್ರೆ ಯಾರು ಬರ್ತಾರೆ?’ ಅಂತ ಕೇಳಿನೋಡು. ‘ಶಕ್ತಿಮಾನ್’ ಅಂದರೆ ಸ್ವಲ್ಪ ದಿನ ಮೊಬೈಲ್ ಎತ್ತಿಡು. ‘ಅಮ್ಮ’ ಅಂದರೂ ನನಗೆ ಭಯವೇ. ನಾಲ್ಕು ಮಹಡಿ ಇಳಿದು ನೀನು ಹಿಡಿಯೋಕಾಗುತ್ತಾ?

ಹೆದರಿಸುತ್ತಿದ್ದೀನಿ ಅಲ್ವಾ? ನೀನು ತೋರಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. 2020ರ ಲಾಕ್‌ಡೌನಿನಲ್ಲಿ ದೂರದರ್ಶನದವರು ಮತ್ತೆ ಹಾಕಿದಾಗ ನಾನೂ ಕೂತು ನೋಡಿದೆ. ಆ ಗ್ರಾಫಿಕ್ಸ್ ನೋಡಿ ನಗು ಬಂತು. ಆದರೆ ಕೊನೆಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುವ ಭಾಗ ಇತ್ತಲ್ಲ, ಅದು ಚೆನ್ನಾಗಿತ್ತು. ಮೊಬೈಲಿನ ತುಣುಕುಗಳಲ್ಲಿ ಅದನ್ನು ಕತ್ತರಿಸಿ ಬರೀ ಹಾರಾಟ ಉಳಿಸಿರುತ್ತಾರೆ. ತೋರಿಸುವುದಾದರೆ ಪೂರ್ತಿ ಕಂತು ತೋರಿಸು. ಆಗುತ್ತಾದರೆ ನೀನೂ ಪಕ್ಕ ಕೂತುಕೋ. ನಿನಗೂ ಕೆಲಸ ಜಾಸ್ತಿ, ಗೊತ್ತು.

ಇನ್ನೊಂದು. ನೀನು ಕಳಿಸಿದ ಫೋಟೋದಲ್ಲಿ ಬಾಲ್ಕನಿ ಕಂಬಿಯ ಪಕ್ಕ ಪ್ಲಾಸ್ಟಿಕ್ ಸ್ಟೂಲ್ ಕಂಡಿತು. ಇವತ್ತೇ ಒಳಗೆ ತಂದಿಡು. ತಂದಿಟ್ಟೆ ಅಂತ ನನಗೊಂದು ಮೆಸೇಜ್ ಹಾಕು.

ನಿನ್ನ
ದೊಡ್ಡಮ್ಮ