ಹನ್ನೊಂದನೇ ನಂಬರಿನ ಆಟಗಾರನಿಗೂ, ನಿಮ್ಮೆಲ್ಲರಿಗೂ

ಎಲ್ಲರಿಗೂ ನಮಸ್ಕಾರ.

ಮೊನ್ನೆ ಶನಿವಾರ ಕೋಲು ಹಿಡಿಯದೆ ಮನೆಯಿಂದ ಮಗನ ಆಟದ ಮೈದಾನದವರೆಗೆ ನಡೆದು ಹೋದೆ. ಮುಕ್ಕಾಲು ಮೈಲಿ. ಮಧ್ಯೆ ಒಂದು ಸಲ ನಿಂತೆ, ಅಷ್ಟೇ. ಹೋದ ವರ್ಷ ಜನವರಿಯಲ್ಲಿ ಬಿದ್ದ ಮೇಲೆ ಇಷ್ಟು ದೂರ ನಡೆದದ್ದು ಇದೇ ಮೊದಲು. ಹದಿನಾಲ್ಕು ತಿಂಗಳಾಯಿತು. ಈ ಹದಿನಾಲ್ಕು ತಿಂಗಳು ನಮ್ಮ ಮನೆ ನಡೆದದ್ದು ನಿಮ್ಮಿಂದ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋಣ ಅಂತ ಹೊರಟರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಜೊತೆಗೆ ಇನ್ನೊಬ್ಬರಿಗೂ ಧನ್ಯವಾದ ಹೇಳಬೇಕು. ಅವರಿಗೆ ನಾನು ಯಾರು ಅಂತ ಗೊತ್ತಿಲ್ಲ. ಅವರು ಕನ್ನಡ ಓದುವವರೂ ಅಲ್ಲ. ಹೆಸರು ಅಲೆಕ್ಸ್ ಸ್ಮಿತ್. ಅಮೆರಿಕನ್ ಫುಟ್‌ಬಾಲ್ ಆಟಗಾರ. ಅಂಗಿಯ ಮೇಲಿನ ನಂಬರ್ ಹನ್ನೊಂದು.

ಆದದ್ದು ನಿಮಗೆ ಗೊತ್ತೇ ಇದೆ. ಮನೆ ಮುಂದೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಹೆಪ್ಪುಗಟ್ಟಿತ್ತು. ಕಸದ ಡಬ್ಬ ಎಳೆದುಕೊಂಡು ಹೋಗುವಾಗ ಜಾರಿದೆ. ಬಲಗಾಲಿನ ಮೊಣಕಾಲ ಕೆಳಗೆ ಎರಡೂ ಮೂಳೆ ಮುರಿದವು. ಒಂದು ಚರ್ಮ ಸೀಳಿಕೊಂಡು ಹೊರಗೆ ಬಂತು. ಆಪರೇಷನ್ ಮಾಡಿ ರಾಡ್ ಹಾಕಿದರು. ಮೂರನೇ ದಿನ ಜ್ವರ ಏರಿತು. ಗಾಯಕ್ಕೆ ನಂಜಾಗಿತ್ತು. ಮತ್ತೆ ನಾಲ್ಕು ಆಪರೇಷನ್. ಒಂದು ರಾತ್ರಿಯಂತೂ ಕಾಲು ಉಳಿಯುವುದು ಕಷ್ಟ ಅಂತಲೇ ಹೇಳಿದ್ದರು.

ನಿಮಗೆ ಯಾರಿಗೂ ಹೇಳದ ಒಂದು ವಿಷಯ ಇದೆ. ನಾನು ಆ ಕಾಲನ್ನು ನೋಡುತ್ತಿರಲಿಲ್ಲ. ಡ್ರೆಸ್ಸಿಂಗ್ ಬದಲಿಸುವಾಗ ಗೋಡೆ ಕಡೆ ಮುಖ ಮಾಡುತ್ತಿದ್ದೆ. ಮನೆಗೆ ಬಂದ ಮೇಲೂ ಹಾಗೇ. ಅಮ್ಮ ತಿಪಟೂರಿನಿಂದ ಬಂದಳು. ಜನ್ಮದಲ್ಲೇ ಮೊದಲ ಸಲ ವಿಮಾನ ಹತ್ತಿದ್ದಳು. ಗಾಯ ಒರೆಸಿ, ಮುಲಾಮು ಹಚ್ಚಿ, ಬಟ್ಟೆ ಸುತ್ತುತ್ತಿದ್ದವಳು ಅವಳೇ. ನಾನು ಸುಮ್ನೆ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದೆ. ಫಿಸಿಯೋಥೆರಪಿಯವರು ಕಾಲೆತ್ತಿ ಅಂದರೆ ಅಳು ಬರುತ್ತಿತ್ತು. ನೋವಿಗಿಂತ ಜಾಸ್ತಿ ಅದೊಂದು ಬೇಡದ ವಸ್ತು ಅನ್ನಿಸಿಬಿಟ್ಟಿತ್ತು.

ಒಂದು ಸಂಜೆ ಪಕ್ಕದ ಮನೆಯ ಹಿರಿಯರು ಸೂಪ್ ತಂದರು. ವಾಷಿಂಗ್ಟನ್ ತಂಡದ ಹಳೇ ಅಭಿಮಾನಿ ಅವರು. ಆ ತಂಡ ಪ್ರಾಕ್ಟೀಸ್ ಮಾಡುವುದು ವರ್ಜೀನಿಯಾದ ನಮ್ಮ ಊರು ಆಶ್‌ಬರ್ನ್‌ನಲ್ಲೇ. ಇಷ್ಟು ವರ್ಷ ಆ ರಸ್ತೆಯಲ್ಲಿ ಓಡಾಡಿದರೂ ನಾನು ಗಮನ ಕೊಟ್ಟಿರಲಿಲ್ಲ. ಅವರು ಹೇಳಿದರು: 1985ರ ನವೆಂಬರ್ 18ರಂದು ನಮ್ಮ ಕ್ವಾರ್ಟರ್‌ಬ್ಯಾಕ್ ಜೋ ಥೈಸ್‌ಮನ್ ಕಾಲು ಮುರಿಯಿತು, ಅವರ ಆಟವೇ ಅಲ್ಲಿಗೆ ಮುಗಿಯಿತು. ಸರಿಯಾಗಿ 33 ವರ್ಷ ಆದ ಮೇಲೆ, 2018ರ ಅದೇ ನವೆಂಬರ್ 18ರಂದು, ಅಲೆಕ್ಸ್ ಸ್ಮಿತ್ ಬಲಗಾಲು ಮುರಿಯಿತು. ಎರಡೂ ಆಟದ ಸ್ಕೋರ್ 23–21. ಅವತ್ತು ಥೈಸ್‌ಮನ್ ಕೂಡ ಸ್ಟೇಡಿಯಂನಲ್ಲೇ ಇದ್ದರಂತೆ. ಹೇಳುತ್ತಾ ಹೇಳುತ್ತಾ ಅವರ ಕಣ್ಣು ತೇವವಾಯಿತು. ಆಟದ ಬಗ್ಗೆ ಏನೂ ಗೊತ್ತಿಲ್ಲದ ನನಗೂ ಮೈ ಜುಮ್ ಅಂತು.

ಆಮೇಲೆ ಹಾಸಿಗೆಯಲ್ಲಿ ಬಿದ್ದುಕೊಂಡು ಅಲೆಕ್ಸ್ ಸ್ಮಿತ್ ಬಗ್ಗೆ ಓದುವುದೇ ನನ್ನ ಕೆಲಸವಾಯಿತು. ಆಟ ಹೇಳಿಕೊಟ್ಟವನು ಹನ್ನೊಂದು ವರ್ಷದ ಮಗ. "ಅಮ್ಮಾ, ಕ್ವಾರ್ಟರ್‌ಬ್ಯಾಕ್ ಕೈಯಿಂದಲೇ ಎಲ್ಲಾ ಶುರು ಆಗೋದು. ಎದುರಿನವರು ಅವನನ್ನ ಬೀಳಿಸೋಕೆ ಅಂತಲೇ ಓಡಿ ಬರ್ತಾರೆ. ಆದ್ರೆ ಅವನು ಅವರನ್ನ ನೋಡಬಾರದು. ದೂರದಲ್ಲಿ ಓಡ್ತಿರೋ ತನ್ನವರನ್ನ ನೋಡಬೇಕು." ಎರಡು ಮೂರು ಸೆಕೆಂಡ್ ಅಷ್ಟೇ ಸಮಯ. ಹದಿನಾರು ವರ್ಷ ಆ ಮನುಷ್ಯ ಅದೇ ಕೆಲಸ ಮಾಡಿದ್ದಾರೆ.

ಸುಲಭದ ಹದಿನಾರು ವರ್ಷ ಅಲ್ಲ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 2005ರ ಡ್ರಾಫ್ಟ್‌ನಲ್ಲಿ ಇಡೀ ದೇಶದಲ್ಲೇ ಮೊದಲು ಆರಿಸಿದ್ದು ಅವರನ್ನು. ಸ್ಯಾನ್ ಫ್ರಾನ್ಸಿಸ್ಕೋ ತಂಡಕ್ಕೆ. ಮೊದಲ ವರ್ಷ ಅಂಕ ತರುವ ಎಸೆತ, ಅಂದರೆ ಟಚ್‌ಡೌನ್ ಪಾಸ್, ಒಂದೇ ಒಂದು. ಹನ್ನೊಂದು ಸಲ ಚೆಂಡು ಎದುರಾಳಿಗಳ ಕೈಗೆ ಹೋಯಿತು. ಅದೇ ಡ್ರಾಫ್ಟ್‌ನಲ್ಲಿ 24ನೆಯವರಾಗಿ ಬಂದ ಆರನ್ ರಾಡ್ಜರ್ಸ್ ಮುಂದೆ ದೊಡ್ಡ ಹೆಸರಾದರು. ಜನ ಇಬ್ಬರನ್ನೂ ತೂಗಿ ನೋಡುವುದನ್ನು ಬಿಡಲೇ ಇಲ್ಲ. ಭುಜದ ಪೆಟ್ಟಿನಿಂದ 2008ರಲ್ಲಿ ಒಂದು ಆಟವನ್ನೂ ಆಡಲಾಗಲಿಲ್ಲ. ಮುಗಿದ ಆಟಗಾರ ಅಂದುಕೊಂಡಿದ್ದಾಗ, 2012ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ವಿರುದ್ಧದ ಪ್ಲೇಆಫ್‌ನಲ್ಲಿ ಒಂಬತ್ತು ಸೆಕೆಂಡ್ ಬಾಕಿ ಇರುವಾಗ ವರ್ನನ್ ಡೇವಿಸ್ ಕೈಗೆ ಚೆಂಡು ಮುಟ್ಟಿಸಿ ಗೆಲ್ಲಿಸಿದರು. 36–32. ಆ ವಿಡಿಯೋ ನಾವು ಮನೆಮಂದಿಯೆಲ್ಲ ಎಷ್ಟು ಸಲ ನೋಡಿದ್ದೇವೋ ಲೆಕ್ಕ ಇಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ತಲೆಗೆ ಪೆಟ್ಟಾಯಿತು. ಚೆನ್ನಾಗಿ ಆಡುತ್ತಿದ್ದರು. ಎರಡು ವಾರದ ಹಿಂದಷ್ಟೇ ಒಂದು ಆಟದಲ್ಲಿ 19 ಪಾಸ್‌ಗಳಲ್ಲಿ 18 ಗುರಿ ಮುಟ್ಟಿಸಿದ್ದರು. ಸುಧಾರಿಸಿಕೊಂಡು ಬರುವಷ್ಟರಲ್ಲಿ ಅವರ ಜಾಗ ಕಾಲಿನ್ ಕೆಪರ್ನಿಕ್‌ಗೆ ಹೋಗಿತ್ತು. ತಂಡ ಸೂಪರ್ ಬೌಲ್‌ವರೆಗೆ, ಅಂದರೆ ಫೈನಲ್‌ವರೆಗೆ, ಹೋಯಿತು. ಇವರು ಗೆರೆಯ ಹೊರಗೆ ನಿಂತು ನೋಡಿದರು.

ಆಮೇಲೆ ಕನ್ಸಾಸ್ ಸಿಟಿ. ಹಿಂದಿನ ವರ್ಷ ಎರಡೇ ಆಟ ಗೆದ್ದಿದ್ದ ತಂಡ 2013ರಲ್ಲಿ ಹನ್ನೊಂದು ಗೆದ್ದಿತು. 2017ರಲ್ಲಿ ಅವರ ಜಾಗಕ್ಕೆ ಅಂತಲೇ ಪ್ಯಾಟ್ರಿಕ್ ಮಹೋಮ್ಸ್ ಎಂಬ ಹುಡುಗನನ್ನು ತಂದರು. ತನ್ನ ಕುರ್ಚಿಗೆ ಬಂದವನು ಅಂತ ಗೊತ್ತಿದ್ದೂ ಅವನಿಗೆ ಕೆಲಸ ಕಲಿಸಿದರು. ಅದೇ ವರ್ಷ ತಾವೂ ಜೀವನದ ಅತಿ ಒಳ್ಳೆಯ ಆಟ ಆಡಿದರು: ಪಾಸ್‌ಗಳಿಂದಲೇ 4,042 ಯಾರ್ಡ್, 26 ಟಚ್‌ಡೌನ್. ಮಹೋಮ್ಸ್ ಈಗಲೂ ಅವರ ಉಪಕಾರ ನೆನೆಯುತ್ತಾರೆ. ಎಲ್ಲರೂ ಕಾಲಿನ ಕಥೆ ಹೇಳುತ್ತಾರೆ. ನನಗೆ ಮಾತ್ರ ಈ ವರ್ಷವೇ ಅವರ ದೊಡ್ಡ ವರ್ಷ ಅನ್ನಿಸುತ್ತದೆ. ತನ್ನ ಜಾಗ ಹೋಗುತ್ತಿರುವಾಗ ಕೈ ಬಿಚ್ಚಿ ಕಲಿಸುವುದು ಸುಮ್ನೆ ಮಾತಲ್ಲ, ಅಲ್ವಾ?

ಮರುವರ್ಷ ವಾಷಿಂಗ್ಟನ್‌ಗೆ ಕಳಿಸಿದರು. ಆರು ಆಟ ಗೆದ್ದು ಮೂರು ಸೋತಿದ್ದಾಗ ಕಾಲು ಮುರಿಯಿತು. ಆಮೇಲಿನದು ಓದುವಾಗ ನನ್ನದೇ ಫೈಲ್ ಓದಿದ ಹಾಗಿತ್ತು. ನಂಜು, ಮಾಂಸ ಕೊಳೆಯುವುದು, ಕಾಲು ತೆಗೆಯಬೇಕೋ ಏನೋ ಎಂಬ ಮಾತು. ನನಗೆ ಐದು ಆಪರೇಷನ್. ಅವರಿಗೆ ಹದಿನೇಳು. ಎಡಗಾಲಿನ ಮಾಂಸಖಂಡ ತೆಗೆದು ಬಲಗಾಲಿಗೆ ಹಾಕಿದ್ದರು. ತಿಂಗಳುಗಟ್ಟಲೆ ಕಾಲಿನ ಸುತ್ತ ಲೋಹದ ಬಳೆಗಳು, ಮೂಳೆಗೆ ಚುಚ್ಚಿದ ಕಡ್ಡಿಗಳು. ಅವರೂ ವಾರಗಟ್ಟಲೆ ತಮ್ಮ ಕಾಲನ್ನು ನೋಡಿರಲಿಲ್ಲ. ಅದನ್ನು ಅವರೇ ಎಲ್ಲರ ಮುಂದೆ ಹೇಳಿಕೊಂಡಿದ್ದಾರೆ.

ಅಲ್ಲಿಯವರೆಗೆ ಕಾಲು ನೋಡಲಾಗದವಳು ಪ್ರಪಂಚದಲ್ಲಿ ನಾನೊಬ್ಬಳೇ ಅಂದುಕೊಂಡಿದ್ದೆ.

ಅವತ್ತು ರಾತ್ರಿ ಅವರ ಕಾಲಿನ ಫೋಟೋ ತೆಗೆದು ನೋಡಿದೆ. ತುಂಬ ಹೊತ್ತು ನೋಡಿದೆ. ಬೆಳಿಗ್ಗೆ ಅಮ್ಮ ಬಟ್ಟೆ ಬಿಚ್ಚುವಾಗ ತಿರುಗಲಿಲ್ಲ. ಅಮ್ಮನ ಕೈ ನಿಂತಿತು. "ನೋಡೇ, ನಿನ್ನದೇ ಕಾಲು. ಬೇರೆಯವರದ್ದಲ್ಲ" ಅಂದಳು. ಇಬ್ಬರೂ ಅತ್ತೆವು. ಮರುದಿನದಿಂದ ಮುಲಾಮು ನಾನೇ ಹಚ್ಚಿಕೊಂಡೆ.

ಅಲೆಕ್ಸ್ ಸ್ಮಿತ್ ಸ್ಯಾನ್ ಆಂಟೋನಿಯೋದಲ್ಲಿ ಗಾಯಗೊಂಡ ಸೈನಿಕರ ಪುನರ್ವಸತಿ ಕೇಂದ್ರಕ್ಕೆ ಹೋಗಿ ಅವರ ನಡುವೆ ಓಡುವುದನ್ನು ಕಲಿತರು. 2020ರ ಅಕ್ಟೋಬರ್ 11ರಂದು, 693 ದಿನ ಆದ ಮೇಲೆ, ಮೈದಾನಕ್ಕೆ ಬಂದರು. ಸ್ವಲ್ಪ ಹೊತ್ತಿಗೇ ಆರನ್ ಡೊನಾಲ್ಡ್ ಎಂಬ ಬೃಹತ್ ಆಟಗಾರ ಬೆನ್ನೇರಿ ಬೀಳಿಸಿದ. ಹೆಂಡತಿ, ಮೂವರು ಮಕ್ಕಳು ಮೇಲೆ ಕೂತು ನೋಡುತ್ತಿದ್ದರು. ಆ ವಿಡಿಯೋ ನೋಡಿ ಅಮ್ಮ ಎದೆ ಹಿಡಿದುಕೊಂಡಳು. "ಯಾಕಪ್ಪಾ ಬೇಕಿತ್ತು ಇವನಿಗೆ?" ನನಗೂ ಅದೇ ಪ್ರಶ್ನೆ ಬಂತು. ಅವರು ಎದ್ದು ನಿಂತರು. ಆ ಆಟ ತಂಡ ಸೋತಿತು. ಆದರೆ ಆ ಸೀಸನ್‌ನಲ್ಲಿ ಅವರು ಮೊದಲಿನಿಂದ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದ ಆರು ಆಟಗಳಲ್ಲಿ ಐದನ್ನು ಗೆದ್ದರು. ಸತತ ಹನ್ನೊಂದು ಗೆದ್ದಿದ್ದ ಪಿಟ್ಸ್‌ಬರ್ಗ್ ಮೊದಲ ಸಲ ಸೋತದ್ದು ಇವರ ಎದುರೇ. ತಂಡ ತನ್ನ ಡಿವಿಷನ್‌ನಲ್ಲಿ, ಅಂದರೆ ತನ್ನ ಗುಂಪಿನಲ್ಲಿ, ಮೊದಲು ಬಂತು. 2021ರ ಏಪ್ರಿಲ್‌ನಲ್ಲಿ ತಾವಾಗಿಯೇ ಆಟ ಬಿಟ್ಟರು. ಅಮ್ಮನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಅದೇ. ಯಾರೋ ಬೀಳಿಸಿದರು ಅಂತ ಅಲ್ಲ, ಸಾಕು ಅನ್ನಿಸಿದಾಗ ಹೊರಟರು.

ಈಗ ನಿಮಗೆ. ಮೊದಲ ಮೂರು ತಿಂಗಳು ಸರದಿ ಹಾಕಿಕೊಂಡು ಊಟ ಕಳಿಸಿದ ಕನ್ನಡ ಕೂಟದ ಗೆಳತಿಯರಿಗೆ. ಬಿಸಿಬೇಳೆಬಾತ್ ಡಬ್ಬಿಯ ಮೇಲೆ "ಖಾರ ಕಮ್ಮಿ, ಮಾತ್ರೆ ತಗೊಳೋಳಿಗೆ" ಅಂತ ಚೀಟಿ ಅಂಟಿಸಿದ್ದವಳಿಗೆ. ತಮ್ಮ ರಜೆ ದಿನಗಳನ್ನು ನನ್ನ ಹೆಸರಿಗೆ ಬರೆದುಕೊಟ್ಟ ಆಫೀಸಿನವರಿಗೆ. ನಾನು ರೇಗಿದಾಗಲೂ "ಇನ್ನೊಂದು ಸಲ" ಅಂದ ಫಿಸಿಯೋಥೆರಪಿಯ ಹುಡುಗಿಗೆ. ರಾತ್ರಿ ಎರಡು ಗಂಟೆಗೆ ಎದ್ದು ಮಾತ್ರೆ ಕೊಟ್ಟು, ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಕೂತ ನನ್ನ ಗಂಡನಿಗೆ. ಪಕ್ಕದ ಮನೆಯ ಹಿರಿಯರಿಗೆ. ಇದನ್ನು ಮಗ ಅವರಿಗೆ ಇಂಗ್ಲಿಷಿನಲ್ಲಿ ಓದಿ ಹೇಳುತ್ತಾನೆ. ಅಮ್ಮನಿಗೆ ಏನು ಹೇಳಲಿ? ಈಗ ತಿಪಟೂರಿನಲ್ಲಿ ಕೂತು ದಿನಾ ವಿಡಿಯೋ ಕಾಲ್‌ನಲ್ಲಿ "ನಡೆದು ತೋರಿಸು" ಅನ್ನುತ್ತಾಳೆ. ದಿನಾ ತೋರಿಸುತ್ತೇನೆ.

ಶನಿವಾರ ಮೈದಾನದಲ್ಲಿ ಮಗ ಚೆಂಡನ್ನು ನನ್ನ ಕೈಗೆ ಕೊಟ್ಟ. ಹೊಲಿಗೆಯ ಮೇಲೆ ಬೆರಳಿಡುವುದು ಹೇಗೆ ಅಂತ ತೋರಿಸಿದ. ಎಸೆದೆ. ಹತ್ತು ಅಡಿ ಹೋಗಿರಬಹುದು. ಅವನು ಹಿಡಿದ.

ಈ ಸಲ ಯುಗಾದಿಗೆ ಎಲ್ಲರೂ ಮನೆಗೆ ಬನ್ನಿ. ಒಬ್ಬಟ್ಟು ನಾನೇ ನಿಂತು ಮಾಡುತ್ತೇನೆ. ವಾಕರ್, ಊರುಗೋಲು, ಸ್ನಾನಕ್ಕೆ ಕೂರುವ ಕುರ್ಚಿ ಮೂರೂ ಗ್ಯಾರೇಜಿನಲ್ಲಿವೆ, ಚೆನ್ನಾಗಿವೆ. ಯಾರಿಗಾದರೂ ಬೇಕಿದ್ದರೆ ಹೇಳಿ, ನಾನೇ ತಂದುಕೊಡುತ್ತೇನೆ.