ಕಾಗದ ದುಬಾರಿ, ಕಪ್ಪು ಮಾತ್ರ ಬೂದಿ

ಮಾನ್ಯರೇ,

ಛಾಯಾಚಿತ್ರ ಪ್ರದರ್ಶನಗಳಲ್ಲಿ ಚೌಕಟ್ಟಿನ ಕೆಳಗೆ ‘ಫೈನ್ ಆರ್ಟ್ ಪೇಪರ್, 308 ಜಿಎಸ್‌ಎಂ, ನೂರಕ್ಕೆ ನೂರು ಹತ್ತಿ’ ಎಂಬ ಚೀಟಿ ಈಗ ಮಾಮೂಲು. ತಲೆ ಎತ್ತಿ ಚಿತ್ರ ನೋಡಿದರೆ ನೆರಳೆಲ್ಲ ಬೂದಿ, ಬೂದಿಗೊಂದು ಹಸಿರು ಛಾಯೆ. ಕಾಗದದ ತೂಕ ಬರೆದವರು ಯಾವ ಕಪ್ಪು ಇಂಕು ಬಳಸಿದರು ಎಂದು ಬರೆಯುವುದಿಲ್ಲ. ಕಪ್ಪು–ಬಿಳುಪು ಪ್ರಿಂಟ್ ಕೆಡುವುದು ಬಹುಪಾಲು ಅಲ್ಲೇ.

ನಮ್ಮ ಸ್ಟುಡಿಯೊಗಳಲ್ಲಿ ಕಾಣುವ ಎಪ್ಸನ್ ಎಲ್805, ಎಲ್1800 ತರಹದ ಆರು ಬಣ್ಣದ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಇರುವುದು ಒಂದೇ ಕಪ್ಪು. ತಿಳಿ ಬೂದು ಬೇಕೆಂದರೆ ಅವು ನೀಲಿ, ಕೆಂಪು, ಹಳದಿ ಹನಿಗಳನ್ನು ಬೆರೆಸಬೇಕು. ಮದುವೆ ಆಲ್ಬಮ್ಮಿಗೆ ಇದರಿಂದ ತೊಂದರೆಯಿಲ್ಲ. ಬರೀ ಬೂದು ಛಾಯೆಯ ಚಿತ್ರದಲ್ಲಿ ಮಾತ್ರ ಒಂದು ಬಣ್ಣ ಕೂದಲೆಳೆಯಷ್ಟು ಹೆಚ್ಚಾದರೂ ಕಣ್ಣು ಹಿಡಿದುಬಿಡುತ್ತದೆ. ಕಿಟಕಿಯ ಬೆಳಕಿನಲ್ಲಿ ಸರಿಯಿದ್ದದ್ದು ಟ್ಯೂಬ್‌ಲೈಟಿನ ಕೆಳಗೆ ಹಸಿರಾಗುವುದೂ ಇದೇ ಕಾರಣಕ್ಕೆ. ಜತೆಗೆ ಅವು ಡೈ ಇಂಕಿನವು, ಅಂದರೆ ಬಣ್ಣ ದ್ರವದಲ್ಲಿ ಕರಗಿರುವಂಥವು. ಬಣ್ಣಗಳು ಒಂದೇ ವೇಗದಲ್ಲಿ ಮಾಸುವುದಿಲ್ಲವಾದ್ದರಿಂದ ಇವತ್ತು ಇಲ್ಲದ ಛಾಯೆ ನಾಳೆ ಬರುತ್ತದೆ. ಬೇಕಾದದ್ದು ಪಿಗ್ಮೆಂಟ್ ಇಂಕಿನ (ಬಣ್ಣದ ನುಣ್ಣನೆ ಕಣಗಳಿರುವ ಇಂಕು), ಕಪ್ಪಿನ ಜತೆ ಎರಡು ಬೂದು ಇಂಕು ಇರುವ ಯಂತ್ರ: ಎಪ್ಸನ್ ಪಿ700, ಪಿ900, ಕ್ಯಾನನ್ ಪ್ರೊ-1000 ಈ ಬಗೆಯವು. ಅದಿಲ್ಲದಿದ್ದರೆ ಅದು ಇರುವ ಲ್ಯಾಬಿಗೆ ಫೈಲ್ ಕೊಡುವುದೇ ವಾಸಿ. ದುಬಾರಿ ಹಾಳೆಯೊಂದರಿಂದ ಆ ಕೊರತೆ ತುಂಬುವುದಿಲ್ಲ.

ಇಂಥ ಯಂತ್ರದಲ್ಲೂ ಕಪ್ಪು ಎರಡು ಥರ: ಫೋಟೊ ಬ್ಲ್ಯಾಕ್, ಮ್ಯಾಟ್ ಬ್ಲ್ಯಾಕ್. ಯಾವುದು ಹರಿಯಬೇಕೆಂದು ತೀರ್ಮಾನಿಸುವುದು ಡ್ರೈವರಿನ (ಪ್ರಿಂಟರ್ ನಡೆಸುವ ತಂತ್ರಾಂಶ) ‘ಮೀಡಿಯಾ ಟೈಪ್’, ಅಂದರೆ ಹಾಳೆಯ ಬಗೆಯ ಆಯ್ಕೆ. ಫೋಟೊ ರ‍್ಯಾಗ್‌ನಂಥ ಮ್ಯಾಟ್ (ಹೊಳಪಿಲ್ಲದ) ಹಾಳೆ ಹಾಕಿ ‘ಪ್ರೀಮಿಯಂ ಲಸ್ಟರ್’ ಎಂಬ ಹೊಳಪು ಹಾಳೆಯ ಆಯ್ಕೆ ಒತ್ತಿದರೆ ಫೋಟೊ ಬ್ಲ್ಯಾಕ್ ಹಾಳೆಯೊಳಗೆ ಇಂಗಿ, ಕಪ್ಪು ಇದ್ದಿಲ ಪುಡಿಯ ಬಣ್ಣಕ್ಕೆ ತಿರುಗುತ್ತದೆ. ಬರೈಟಾ ಎಂಬ ಹೊಳಪಿನ ಹಾಳೆಗೆ ಮ್ಯಾಟ್ ಬ್ಲ್ಯಾಕ್ ಹೋದರೆ ಇಂಕು ಮೇಲೇ ಕೂತು ಬೆರಳಿಗೆ ಮಸಿ ಹತ್ತುತ್ತದೆ. ಹಳೆಯ ಪಿ600, ಪಿ800ಗಳಲ್ಲಿ ಎರಡೂ ಕಪ್ಪಿಗೆ ದಾರಿ ಒಂದೇ. ಬದಲಿಸಿದಾಗಲೆಲ್ಲ ಇಂಕು ಚರಂಡಿ ಪಾಲು. ಅಂಥ ಕಡೆ ಮ್ಯಾಟ್ ಕೆಲಸವನ್ನೆಲ್ಲ ಒಟ್ಟು ಹಾಕಿ ಒಂದೇ ಸಲ ತೆಗೆಯಬೇಕು.

ಎಪ್ಸನ್‌ನ ‘ಅಡ್ವಾನ್ಸ್‌ಡ್ ಬ್ಲ್ಯಾಕ್ ಅಂಡ್ ವೈಟ್’ ಮೋಡ್ ಬಳಸುವವರು ಫೋಟೊಶಾಪಿನಲ್ಲಿ ‘ಪ್ರಿಂಟರ್ ಮ್ಯಾನೇಜಸ್ ಕಲರ್ಸ್’ ಇಡಬೇಕು. ಅಲ್ಲೂ ಐಸಿಸಿ ಪ್ರೊಫೈಲ್ (ಹಾಳೆ–ಇಂಕಿಗೆ ಬಣ್ಣ ಹೊಂದಿಸುವ ಫೈಲ್), ಇಲ್ಲೂ ಡ್ರೈವರ್ ಎಂದು ಎರಡು ಕಡೆ ಹಿಡಿದೆಳೆದರೆ ನಡುಬೂದು ಹದಗೆಡುತ್ತದೆ. ಈ ಮೋಡ್‌ನಲ್ಲಿ ಟೋನ್ ಮೊದಲೇ ‘ಡಾರ್ಕರ್’ಗೆ ನಿಂತಿರುತ್ತದೆ. ಪ್ರಿಂಟ್ ಕತ್ತಲಾಯಿತು ಎಂದು ಫೈಲ್ ತಿದ್ದಲು ಕೂರುವ ಮುನ್ನ ಅದನ್ನು ನೋಡಿ, ಮಾನಿಟರಿನ ಬೆಳಕನ್ನೂ ನೋಡಿ. ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಗೆ (ಪ್ರಖರತೆಯ ಅಳತೆ) ಇಳಿಸದ ಮಾನಿಟರ್ ನಂಬಿದವರ ಪ್ರಿಂಟ್ ಕತ್ತಲಾಗದೆ ಇನ್ನೇನಾದೀತು?

ಮ್ಯಾಟ್ ಹಾಳೆಯ ಮಿತಿಯೊಂದನ್ನು ಒಪ್ಪಿಕೊಳ್ಳಬೇಕು. ಅದರ ಅತಿ ಗಾಢ ಕಪ್ಪಿನ ಸಾಂದ್ರತೆ ಸುಮಾರು 1.6–1.7, ಬರೈಟಾದಲ್ಲಿ 2.2 ದಾಟುತ್ತದೆ. ಇದು ಲಾಗರಿದಂ ಅಳತೆಯಾದ್ದರಿಂದ 0.6ರ ವ್ಯತ್ಯಾಸವೆಂದರೆ ಮ್ಯಾಟ್‌ನ ಕಪ್ಪು ನಾಲ್ಕು ಪಟ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತಿದೆ ಎಂದರ್ಥ. ರಾತ್ರಿಯ ಚಿತ್ರ, ಕಲ್ಲುಕಂಬದ ಒಳಗತ್ತಲು ಇಂಥವಕ್ಕೆ ಬರೈಟಾ ಹಿಡಿಸುತ್ತದೆ. ಮಂಜು, ಮುಖ, ಮರಳು ಮ್ಯಾಟ್ ಮೇಲೆ ಹಿತ. ದುಬಾರಿ ಎಂದಾಕ್ಷಣ ಎಲ್ಲ ಚಿತ್ರಕ್ಕೂ ಮ್ಯಾಟ್ ಹತ್ತಿ ಕಾಗದವೇ ಬೇಕೆಂಬ ಹಟ ಬರೀ ಷೋಕಿ.

ಡಾರ್ಕ್‌ರೂಮ್ ಕಾಲದಲ್ಲಿ ಟೆಸ್ಟ್ ಸ್ಟ್ರಿಪ್ (ಪರೀಕ್ಷೆಯ ಚಿಕ್ಕ ಪಟ್ಟಿ) ನೋಡದೆ ಪೂರ್ತಿ ಹಾಳೆಗೆ ಕೈ ಹಾಕುತ್ತಿರಲಿಲ್ಲ. ಆ ಅಭ್ಯಾಸ ಇಲ್ಲೂ ಬೇಕು. ಫೋಟೊಶಾಪಿನ ಅಳತೆಯಲ್ಲಿ 0 ಕಡುಗಪ್ಪು, 255 ಬಿಳಿ. 0, 5, 10, 15 ಹೀಗೆ 40ರವರೆಗೆ, ಆಮೇಲೆ 240ರಿಂದ 255ರವರೆಗೆ ಚಿಕ್ಕ ಚೌಕಗಳನ್ನು ಅದೇ ಹಾಳೆಯ ಅರ್ಧ ಎ4 ತುಂಡಿನ ಮೇಲೆ ಮುದ್ರಿಸಿ, ಒಣಗಿದ ಮೇಲೆ ನೋಡಿ. 15ರವರೆಗಿನ ಚೌಕಗಳೆಲ್ಲ ಒಂದೇ ಕಪ್ಪಾಗಿ ಸೇರಿಕೊಂಡಿದ್ದರೆ ಚಿತ್ರದ ಮುಖ್ಯ ನೆರಳು ಅದಕ್ಕಿಂತ ಮೇಲಿರುವಂತೆ ಫೋಟೊಶಾಪಿನ ಕರ್ವ್ಸ್ ಸಾಧನದಲ್ಲಿ ಆ ಭಾಗವನ್ನಷ್ಟೇ ಎತ್ತಿ (ತಿಳಿಗೊಳಿಸಿ). ಇಡೀ ಚಿತ್ರ ತಿಳಿಗೊಳಿಸಿದರೆ ಸಪ್ಪೆಯಾಗುತ್ತದೆ. 255 ಎಂದರೆ ಇಂಕೇ ಬೀಳದ ಬರೀ ಕಾಗದ. ಬರೈಟಾದಲ್ಲಿ ಆ ಜಾಗ ಓರೆಯಾಗಿ ನೋಡಿದಾಗ ತೇಪೆಯಂತೆ ಹೊಳೆಯುತ್ತದೆ. ಬಿಳಿಯನ್ನು 250ರ ಆಸುಪಾಸಿಗೆ ತಂದರೆ ಮರೆಯಾಗುತ್ತದೆ. ತಿದ್ದುವ ಕೆಲಸವೆಲ್ಲ 16 ಬಿಟ್‌ನಲ್ಲಿರಲಿ, ಅಂದರೆ ಬೂದಿನ ಮಟ್ಟಗಳು ಹೆಚ್ಚಿರುವ ಫೈಲಿನಲ್ಲಿ. 8 ಬಿಟ್ ಫೈಲನ್ನು ಎಳೆದಾಡಿದರೆ ಆಕಾಶದಲ್ಲಿ ಮೆಟ್ಟಿಲು ಮೂಡುತ್ತವೆ. ಗಾತ್ರದ ಲೆಕ್ಕ ಸುಲಭ: 24 ಮೆಗಾಪಿಕ್ಸೆಲ್‌ನ 6000×4000 ಚಿತ್ರ 18×12 ಇಂಚಿಗೆ, ಇಂಚಿಗೆ 333 ಪಿಕ್ಸೆಲ್‌ನಂತೆ ಸಾಕಾಗುತ್ತದೆ. ಮ್ಯಾಟ್ ಇಂಕನ್ನು ಹೀರುವುದರಿಂದ ಶಾರ್ಪನಿಂಗ್ ಪರದೆಯಲ್ಲಿ ತುಸು ಒರಟಾಗಿ ಕಂಡರೂ ಚಿಂತೆಯಿಲ್ಲ.

ಹತ್ತಿ ಕಾಗದಕ್ಕೆ ಧೂಳಿನ ಕಾಟ ಹೆಚ್ಚು. ನಾರಿನ ಚೂರಿನ ಮೇಲೆ ಇಂಕು ಬಿದ್ದು, ಆಮೇಲೆ ಆ ಚೂರು ಉದುರಿದರೆ ಕಪ್ಪಿನ ನಡುವೆ ಬಿಳಿ ಚುಕ್ಕೆ ಉಳಿಯುತ್ತದೆ. ಹಾಳೆಯನ್ನು ಮೃದು ಬ್ರಷ್ಷಿನಿಂದ ಗುಡಿಸಿಯೇ ಒಳಗಿಡಬೇಕು. ಲೇಪನದ ಮಗ್ಗುಲು ಗೊತ್ತಾಗದಿದ್ದರೆ ತುಸು ಒದ್ದೆ ಬೆರಳನ್ನು ಮೂಲೆಗೆ ಒತ್ತಿ ನೋಡಿ, ಅಂಟಂಟು ಅನಿಸಿದ್ದೇ ಪ್ರಿಂಟಿನ ಮಗ್ಗುಲು. ಅಂಚು ಸುರುಳಿಯಾಗಿದ್ದರೆ ಇಂಕು ಚಿಮ್ಮುವ ಹೆಡ್ ತಾಕಿ ಕಪ್ಪು ಗೆರೆ ಎಳೆಯುತ್ತದೆ. ಹಾಳೆಯನ್ನು ಹಿಂದಕ್ಕೆ ಬಾಗಿಸಿ ಚಪ್ಪಟೆ ಮಾಡಿ, ಡ್ರೈವರಿನಲ್ಲಿ ಪ್ಲೇಟನ್ ಗ್ಯಾಪ್ (ಹೆಡ್‌ಗೂ ಹಾಳೆಗೂ ಇರುವ ಅಂತರ) ಹೆಚ್ಚಿಸಿ, ಸುತ್ತ ಮೂರು ಸೆಂಟಿಮೀಟರ್ ಖಾಲಿ ಬಿಡಿ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಹಾಳೆ ತೇವ ಕುಡಿದು ಅಲೆಅಲೆಯಾಗುವುದು ಹೆಚ್ಚು, ಪೊಟ್ಟಣ ಬಿಚ್ಚಿಡಬಾರದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತೊಂದರೆ ತಿರುವುಮುರುವು, ಇಂಕು ನಾಝಲ್‌ನಲ್ಲೇ ಒಣಗುತ್ತದೆ. ಅಲ್ಲಿ ವಾರಕ್ಕೊಂದಾದರೂ ಪ್ರಿಂಟ್ ತೆಗೆಯಬೇಕು. ಎಲ್ಲೇ ಆಗಲಿ, ದೊಡ್ಡ ಹಾಳೆ ಹಾಕುವ ಮುನ್ನ ನಾಝಲ್ ಚೆಕ್ (ಇಂಕಿನ ರಂಧ್ರಗಳೆಲ್ಲ ತೆರೆದಿವೆಯೇ ಎಂಬ ಪರೀಕ್ಷೆ) ತಪ್ಪಿಸಬಾರದು. ಬೂದು ಇಂಕಿನ ಒಂದು ಗೆರೆ ಕಡಿದಿದ್ದರೂ ಆಕಾಶದ ತುಂಬ ಪಟ್ಟೆ.

ತೆಗೆದ ಪ್ರಿಂಟನ್ನು ಅಂದೇ ಫ್ರೇಮಿನವರಿಗೆ ಕೊಡುವುದೂ ತಪ್ಪು. ಮುಟ್ಟಿದರೆ ಒಣಗಿದಂತಿದ್ದರೂ ಇಂಕಿನ ಗ್ಲೈಕಾಲ್ ಇನ್ನೂ ಆರಿರುವುದಿಲ್ಲ, ಗಾಜಿನ ಒಳಮೈಗೆ ಮಂಜಿನಂತೆ ಕೂರುತ್ತದೆ. ಮೇಲೊಂದು ಬಿಳಿ ಹಾಳೆ ಹೊದಿಸಿ ಕನಿಷ್ಠ 24 ಗಂಟೆ ಬಿಡಿ. ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟಿನ (ಚಿತ್ರದ ಸುತ್ತಲಿನ ರಟ್ಟು) ಅಂತರವಿರಲಿ, ಹಿಂದೆ ಸೆಲೊಟೇಪ್ ಬೇಡ.

ಪ್ರದರ್ಶನದ ಆಯೋಜಕರಲ್ಲಿ ಒಂದು ಕೋರಿಕೆ. ಗೋಡೆಯ ದೀಪ ಹಳದಿಯೋ ಬಿಳಿಯೋ, ಎಷ್ಟು ಪ್ರಖರ ಎಂಬುದನ್ನು ಚಿತ್ರ ಕರೆಯುವ ಸುತ್ತೋಲೆಯಲ್ಲೇ ತಿಳಿಸಿ. ಮಂದ ದೀಪವಾದರೆ ನೆರಳನ್ನು ಇನ್ನಷ್ಟು ಎತ್ತಿ ಮುದ್ರಿಸಬೇಕಾಗುತ್ತದೆ, ಚಿತ್ರ ತೂಗಿದ ಮೇಲೆ ಅದು ಆಗದ ಮಾತು.

–ಪ್ರಿಂಟ್ ಕೆಲಸದವರು, ಮೈಸೂರು