ಎಳೆಯೋಕೆ ಹತ್ತು ಜನ, ಹಿಡಿಯೋಕೆ ಯಾರು?

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಶೆಡ್ ಖಾಲಿ ಮಾಡ್ತಿದ್ರು, ಏನಿಲ್ಲ ಅಂದ್ರೂ 20 ಟನ್ ಇರೋ ಪವರ್ ಪ್ರೆಸ್ಸು (ತಗಡು ಒತ್ತೋ ಮೆಷಿನ್ನು), ಒಳಗೆ ಕ್ರೇನ್ ಹೋಗಲ್ಲ, ಅದಕ್ಕೆ ಮಾಮೂಲಿ ಥರ ಜಾಕಿ ಕೊಟ್ಟು ಎತ್ತಿ, ಕೆಳಗೆ ಕಬ್ಬಿಣದ ಚಾನೆಲ್ ಪಟ್ಟಿ ಹಾಸಿ, ಗ್ರೀಸ್ ಬಳಿದು ಮುಂದಿಂದ ಚೈನ್ ಪುಲ್ಲಿಲಿ ಎಳೀತಿದ್ರು. ಮೂವತ್ತು ವರ್ಷ ಇದೇ ಕೆಲಸ ಮಾಡಿದೋನು ನಾನು, ಕಾಲು ಅಲ್ಲೇ ನಿಂತ್ಬಿಡ್ತು. ಹಿಂದುಗಡೆ ನೋಡ್ತೀನಿ, ಒಂದು ಹಗ್ಗಾನೂ ಕಟ್ಟಿಲ್ಲ! ಕೇಳಿದ್ರೆ "ಎಳಿಯೋದು ಮುಂದಕ್ಕೆ, ಹಿಂದೆ ಯಾಕೆ ಕಟ್ಬೇಕು ಅಂಕಲ್" ಅಂತ ಹುಡುಗ ನಗ್ತಾನೆ.

ಯಾಕೆ ಅಂತ ಹೇಳ್ತೀನಿ. ಕಬ್ಬಿಣದ ಮೇಲೆ ಕಬ್ಬಿಣ, ಗ್ರೀಸ್ ಇಲ್ಲ ಅಂದ್ರೆ 20 ಟನ್ ಅಲ್ಲಾಡಿಸೋಕೆ ಹತ್ತು ಟನ್ ಎಳೆತ ಬೇಕಾಗುತ್ತೆ, ಚೆನ್ನಾಗಿ ಗ್ರೀಸ್ ಬಳಿದ್ರೆ ಎರಡು ಟನ್ ಹತ್ರ ಬರುತ್ತೆ, ಟೆಫ್ಲಾನ್ ಶೀಟ್ ಹಾಕಿದ್ರೆ ಒಂದು ಟನ್ನಿಗೇ ಜಾರುತ್ತೆ. ಎಲ್ರೂ ಖುಷಿಪಡೋದು ಇಲ್ಲೇ, ಎಡವೋದೂ ಇಲ್ಲೇ. ಅಷ್ಟು ಸಲೀಸಾಗಿ ಜಾರೋ ಮಾಲಿಗೆ 20 ಅಡಿಗೆ ಒಂದಡಿ ಇಳಿಜಾರು ಸಿಕ್ಕಿದ್ರೆ ಸಾಕು, ಯಾರೂ ಎಳೀದೇನೇ ಹೊರಟುಬಿಡುತ್ತೆ. ಇನ್ನೊಂದು, ನಿಂತಿರೋ ಮಾಲನ್ನ ಅಲ್ಲಾಡಿಸೋಕೆ ಬೇಕಾಗೋ ಜೋರು ಅದು ಹೊರಟ ಮೇಲೆ ಬೇಕಾಗಲ್ಲ, ಅದಕ್ಕೇ ಮೊದಲು ಜಪ್ಪಯ್ಯ ಅಂದ್ರೂ ಕದಲಲ್ಲ, ಆಮೇಲೆ ಗಕ್ಕಂತ ಹಾರುತ್ತೆ. ಆಗ ಹಿಡಿದು ನಿಲ್ಸೋಕೇ ಹಿಂದಿನ ಕಟ್ಟು.

ನಮ್ಮ ಕಾಲದಲ್ಲಿ ಒಂದು ಫ್ಯಾಕ್ಟರಿಲಿ (ಹೆಸರು ಬೇಡ ಬಿಡಿ) ಲೇತ್ ಮೆಷಿನ್ ಹೀಗೇ ತಂದ್ವಿ, ಒಳಗೆಲ್ಲ ನೆಲ ಮಟ್ಟವಾಗಿತ್ತು, ಶಟರ್ ಹತ್ರ ಮಾತ್ರ ಮಳೆನೀರು ಒಳಗೆ ಬರ್ದೆ ಇರ್ಲಿ ಅಂತ ಹೊರಗಡೆಗೆ ಸ್ವಲ್ಪ ಇಳಿಸಿದ್ರು. ಅಲ್ಲಿಗೆ ಬಂದಿದ್ದೇ ತಡ ಮುಂದಿನ ಚೈನು ಸಡಿಲ ಆಗಿ ನೆಲಕ್ಕೆ ಬಿತ್ತು, ಮೆಷಿನ್ನು ಮೂರಡಿ ತಾನೇ ಓಡ್ತು. ಜೊತೆಗಾರನ ಎರಡು ಕಾಲ್ಬೆರಳು ಹೋಯ್ತು. ರಿಜಿಸ್ಟರಿನಲ್ಲಿ "ಕೆಲಸಗಾರ ಜಾರಿ ಬಿದ್ದ" ಅಂತ ಬರ್ಕೊಂಡ್ರು. ಜಾರಿದ್ದು ಯಾವ್ದು ಸ್ವಾಮಿ?

2016ರ ನವೆಂಬರಲ್ಲಿ ಉಕ್ರೇನಿನ ಚೆರ್ನೋಬಿಲ್‌ನಲ್ಲಿ ಹಾಳಾದ ರಿಯಾಕ್ಟರ್ ಮುಚ್ಚೋಕೆ ಮಾಡಿದ 36 ಸಾವಿರ ಟನ್ನಿನ ಕಮಾನನ್ನ 327 ಮೀಟರ್ ಜಾರಿಸಿದ್ರಲ್ಲ, ಟೆಫ್ಲಾನ್ ಮೇಲೆ, 224 ಹೈಡ್ರಾಲಿಕ್ ಜಾಕಿ ಇಟ್ಟು, ಒಂದು ಸಲಕ್ಕೆ ಬರೀ 60 ಸೆಂಟಿಮೀಟರ್ ತಳ್ತಾ ಎರಡು ವಾರ ತಗೊಂಡ್ರು. ಜಾರಿಸೋದು ಅಂದ್ರೆ ಹೀಗೆ, ಹಿಡಿತದಲ್ಲಿ. ಅಷ್ಟು ದೂರ ಯಾಕೆ, ನಮ್ಮೂರ ತೇರು ನೋಡಿ. ಹಗ್ಗ ಹಿಡಿಯೋಕೆ ಊರೇ ಬರುತ್ತೆ, ಆದ್ರೆ ಗಾಲಿ ಪಕ್ಕದಲ್ಲೇ ನಡ್ಕೊಂಡು ಮರದ ತುಂಡು ಕೊಟ್ಟು ನಿಲ್ಸೋ ನಾಲ್ಕು ಜನ ಇಲ್ದೆ ತೇರು ಹೊರಡಿಸ್ತಾರಾ?

1948ರ ಫ್ಯಾಕ್ಟರೀಸ್ ಆಕ್ಟ್ ಕಾಲದಿಂದ ಕ್ರೇನು, ಚೈನು ಇಂಥ ಎತ್ತೋ ಸಾಮಾನಿಗೆ ವರ್ಷಕ್ಕೊಂದು ಸಲ ಟೆಸ್ಟ್ ಆಗ್ಬೇಕು ಅಂತಿದೆ, ಆ ಹೆದರಿಕೆಗಾದ್ರೂ ಅದನ್ನ ನೋಡ್ತಾರೆ. ಹೀಗೆ ನೆಲದ ಮೇಲೆ ಜಾರಿಸೋ ಕೆಲಸ ಅಂದ್ರೆ ಮಾತ್ರ ನಾಲ್ಕು ಜನ ಹೆಲ್ಪರು, ಒಂದು ಡಬ್ಬ ಗ್ರೀಸು, ಮುಗೀತು. ಶೆಡ್ ಮಾಲೀಕರಲ್ಲಿ ನನ್ನ ವಿನಂತಿ, ಶಿಫ್ಟಿಂಗ್ ಕೊಟೇಶನ್ ತಗೊಳ್ಳುವಾಗ ಹಿಂದಕ್ಕೆ ಕಟ್ಟೋ ಚೈನ್ ಪುಲ್ಲಿನೂ ಬರ್ಸಿ, ನೆಲಕ್ಕೆ ಲೆವೆಲ್ ಟ್ಯೂಬ್ (ನೀರು ತುಂಬಿದ ಪೈಪು) ಹಿಡಿಸಿ ಇಳಿಜಾರು ಇದ್ಯಾ ನೋಡಿ, ಅದರ ಬಾಡಿಗೆಗೆ ಚೌಕಾಸಿ ಮಾಡ್ಬೇಡಿ.

– ಒಬ್ಬ ಹಳೇ ರಿಗ್ಗರ್ (ಭಾರದ ಮೆಷಿನ್ ಸಾಗಿಸೋನು), ಬೆಂಗಳೂರು